ನಾಲ್ಕು ಹೆಣಿಗೆ, ಎರಡೇ ಕೈ

ಹೆಣಿಗೆ ಬಲ್ಲವರ ಬುಟ್ಟಿಯಲ್ಲಿ ಒಂದೇ ಕೆಲಸ ಇರುವುದು ಅಪರೂಪ. ಹುಟ್ಟಲಿರುವ ಮಗುವಿಗೆಂದು ಆರಂಭಿಸಿದ ಕುಲಾವಿ ಒಂದು ಕಡೆ, ಹಿಮ್ಮಡಿಯವರೆಗೆ ಬಂದು ನಿಂತ ಕಾಲುಚೀಲ ಇನ್ನೊಂದು ಕಡೆ, ಹೆಬ್ಬೆರಳಿಲ್ಲದ ಕೈಗವಸು, ಒಂದೇ ತೋಳಿನ ಸ್ವೆಟರ್! ನೋಡಿದವರು ‘ಒಂದನ್ನಾದರೂ ಮುಗಿಸಬಾರದೆ?’ ಎನ್ನುತ್ತಾರೆ. ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಚಿತ್ರ ಬರೆಯಲು ಕುಳಿತ ಮಕ್ಕಳು ಮನೆಯಲ್ಲಿ ಕೇಳುವ ಮಾತೂ ಇದೇ. ಆದರೆ ಹಲವು ಕೆಲಸಗಳನ್ನು ಒಟ್ಟಿಗೆ ಹಿಡಿಯುವುದೇ ತಪ್ಪೆ? ಇದಕ್ಕೆ ಉತ್ತರ ಆ ಬುಟ್ಟಿಯಲ್ಲೇ ಇದೆ.

ಮೊದಲು ಬಟ್ಟೆಯ ರಚನೆ ನೋಡೋಣ. ಮಗ್ಗದಲ್ಲಿ ನೇಯ್ದ ಪಂಚೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಅಡ್ಡಡ್ಡವಾಗಿ ಹಾದುಹೋಗುತ್ತವೆ. ಹೆಣಿಗೆಯಲ್ಲಿ ಹಾಗಲ್ಲ. ಒಂದೇ ಎಳೆ ಸಾಲು ಸಾಲಾಗಿ ಕುಣಿಕೆಗಳಾಗುತ್ತದೆ. ಪ್ರತಿಯೊಂದು ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ತೂರಿ ಬಂದಿರುತ್ತದೆ. ಎಳೆದಾಗ ಮುಖ್ಯವಾಗಿ ಬದಲಾಗುವುದು ಕುಣಿಕೆಯ ಆಕಾರ, ನೂಲಿನ ಉದ್ದವಲ್ಲ. ನಾವು ತೊಡುವ ಬನಿಯನ್ ಹಿಗ್ಗುವುದೂ ಇದೇ ಕಾರಣಕ್ಕೆ. ಅದೂ ಹೆಣಿಗೆಯ ಬಟ್ಟೆಯೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ನಿರ್ಮಿಸಿದಾಗ ಯಂತ್ರಕ್ಕೆ ಕಲಿಸಿದ್ದು ಈ ಕುಣಿಕೆಯನ್ನೇ.

ಈ ರಚನೆಯಿಂದ ಒಂದು ಅನುಕೂಲವಿದೆ. ಕೆಳಗಿನ ಕುಣಿಕೆಗಳನ್ನೆಲ್ಲ ಮೇಲಿನವು ಹಿಡಿದುಕೊಂಡಿರುತ್ತವೆ. ಆಸರೆ ಬೇಕಾದದ್ದು ತೀರ ಮೇಲಿನ ಸಾಲಿಗೆ ಮಾತ್ರ. ಆ ಸಾಲು ಕಡ್ಡಿಯ ಮೇಲೋ, ಬೇರೆ ಬಣ್ಣದ ದಾರದ ಮೇಲೋ ಭದ್ರವಾಗಿದ್ದರೆ ಕೆಲಸ ತಿಂಗಳುಗಟ್ಟಲೆ ಕಾದರೂ ಬಿಚ್ಚಿಕೊಳ್ಳುವುದಿಲ್ಲ. ಕೈಗವಸಿನಲ್ಲಂತೂ ಕಾಯುವುದು ಕೆಲಸದ ಒಂದು ಭಾಗವೇ! ಹೆಬ್ಬೆರಳಿನ ಕುಣಿಕೆಗಳನ್ನು ದಾರಕ್ಕೆ ಪೋಣಿಸಿಟ್ಟು ಅಂಗೈಯ ಭಾಗವನ್ನು ಮುಂದುವರಿಸುತ್ತಾರೆ. ಅದು ಮುಗಿದ ಮೇಲೆ ಹೆಬ್ಬೆರಳಿಗೆ ಮರಳುತ್ತಾರೆ.

ಹಾಗಾದರೆ ಕೆಡುವುದು ಯಾವುದು? ಲೆಕ್ಕ. ಉದಾಹರಣೆಗೆ ಕುಲಾವಿಯನ್ನೇ ತೆಗೆದುಕೊಳ್ಳಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34ರಿಂದ 35 ಸೆಂಟಿಮೀಟರ್. ಕುಲಾವಿ ಹಿಗ್ಗುವುದರಿಂದ ಅದನ್ನು 32 ಸೆಂ.ಮೀ. ಸುತ್ತಿಗೆ ಹೆಣೆಯುತ್ತಾರೆ ಎನ್ನಿ. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ ಬೀಳುವ ಕೈಯಾದರೆ ಒಟ್ಟು 64 ಕುಣಿಕೆ ಬೇಕು. ಅದೇ 64 ಕುಣಿಕೆಗಳನ್ನು ತುಸು ಬಿಗಿಯಾಗಿ, 10 ಸೆಂ.ಮೀ.ಗೆ 22ರಂತೆ ಹಾಕಿದರೆ? 64ನ್ನು 2.2ರಿಂದ ಭಾಗಿಸಿ: 29 ಸೆಂ.ಮೀ.! ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಕುಲಾವಿ 3 ಸೆಂ.ಮೀ. ಕಿರಿದಾಯಿತು.

ಕೈಯ ಬಿಗಿ ಎಲ್ಲರಿಗೂ ಒಂದೇ ಅಲ್ಲ. ಒಬ್ಬರದೇ ಕೈಯಾದರೂ ತಿಂಗಳ ನಂತರ ಅದು ಬದಲಾಗಿರಬಹುದು. ಕಡ್ಡಿ ಬದಲಾದರಂತೂ ಮುಗಿಯಿತು. ಒಂದು ಹೆಣಿಗೆಯ ಕಡ್ಡಿಯನ್ನು ಇನ್ನೊಂದಕ್ಕೆ ಎರವಲು ಪಡೆದು, ಆಮೇಲೆ ಯಾವುದು ಯಾವುದರದೆಂದು ಮರೆಯುವುದು ಸಾಮಾನ್ಯ. ಬರೀ ಕಡ್ಡಿಯ ನಂಬರನ್ನು ನಂಬುವಂತೆಯೂ ಇಲ್ಲ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 10ನೇ ನಂಬರ್ ಎಂದರೆ 3.25 ಮಿಲಿಮೀಟರ್ ದಪ್ಪ. ಅಮೆರಿಕದ ಲೆಕ್ಕದಲ್ಲಿ ಅದೇ 10 ಎಂದರೆ 6 ಮಿಲಿಮೀಟರ್! ಆದ್ದರಿಂದ ಮಿಲಿಮೀಟರಿನಲ್ಲಿ ಬರೆದಿಡುವುದೇ ಕ್ಷೇಮ.

ಕಾಲುಚೀಲದ್ದು ಬೇರೆಯೇ ಪರೀಕ್ಷೆ. ಕೊಳವೆಯಂತೆ ಇಳಿದು ಬಂದದ್ದು ಹಿಮ್ಮಡಿಯಲ್ಲಿ ಬಾಗಬೇಕು. ಅದಕ್ಕಾಗಿ ಸಾಲನ್ನು ಕೊನೆಯವರೆಗೆ ಒಯ್ಯದೆ ನಡುವೆಯೇ ಹಿಂತಿರುಗಿಸುತ್ತಾರೆ. ಹಿಮ್ಮಡಿಯ ಕಡೆ ಸಾಲುಗಳು ಹೆಚ್ಚಾಗಿ ಅಲ್ಲೊಂದು ಬಟ್ಟಲಿನ ಆಕಾರ ಮೂಡುತ್ತದೆ. ಎಲ್ಲಿ ತಿರುಗಿಸಿದ್ದು, ಎಷ್ಟು ಸಲ ಎಂಬುದನ್ನು ಗುರುತು ಹಾಕದಿದ್ದರೆ ಎರಡನೆಯ ಕಾಲುಚೀಲ ಮೊದಲನೆಯದಕ್ಕೆ ಜೊತೆಯಾಗುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಲು ಬೇಸರ ಬೇರೆ. ಇಂಗ್ಲಿಷ್ ಬಲ್ಲ ಹೆಣಿಗೆಗಾರರು ಇದಕ್ಕೆ ‘ಎರಡನೆಯ ಕಾಲುಚೀಲದ ಕಾಯಿಲೆ’ ಎಂದು ತಮಾಷೆಯ ಹೆಸರನ್ನೇ ಇಟ್ಟಿದ್ದಾರೆ!

ಉಂಡೆಗೆ ಸುತ್ತಿದ ಚೀಟಿಯನ್ನೂ ಎಸೆಯಬಾರದು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದೆಲ್ಲ ಕುರಿಯ ಉಣ್ಣೆಯಲ್ಲ. ಎಷ್ಟೋ ಸಲ ಅದು ಅಕ್ರಿಲಿಕ್ ಎಂಬ ಕೃತಕ ನೂಲು. ಉಣ್ಣೆ ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಎಳೆಗಳ ಮೇಲೆ ಸೂಕ್ಷ್ಮವಾದ ಹುರುಪೆಗಳಿವೆ. ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಅಕ್ರಿಲಿಕ್ ಹೀಗೆ ಕುಗ್ಗದು, ಆದರೆ ಬಿಸಿ ಇಸ್ತ್ರಿಗೆ ಹಾಳಾಗುತ್ತದೆ. ಉಡುಗೊರೆ ಪಡೆದ ತಾಯಿಗೆ ಒಗೆಯುವ ಕ್ರಮ ತಿಳಿಯುವುದು ಆ ಚೀಟಿಯಿಂದಲೇ. ಬಣ್ಣದ ಸರತಿಯ ಸಂಖ್ಯೆಯೂ ಅದರಲ್ಲಿರುತ್ತದೆ. ಬೇರೆ ಸರತಿಯ ಉಂಡೆ ತಂದರೆ ಸ್ವೆಟರಿನ ಎರಡನೆಯ ತೋಳು ಬಣ್ಣದಲ್ಲಿ ಬೇರೆಯಾಗಿ ಕಾಣಬಹುದು.

ಇನ್ನು ಯಾವುದನ್ನು ಮೊದಲು ಮುಗಿಸಬೇಕು? ಯಾರ ಕಾಲ ಕಾಯುವುದಿಲ್ಲವೋ ಅವರದನ್ನು. ದೊಡ್ಡವರ ಪಾದ ಮುಂದಿನ ವರ್ಷವೂ ಅಷ್ಟೇ ಇರುತ್ತದೆ. ಮಗುವಿನ ತಲೆಯಾದರೋ ಮೊದಲ ಮೂರು ತಿಂಗಳಲ್ಲೇ ಸುಮಾರು 6 ಸೆಂ.ಮೀ. ಬೆಳೆಯುತ್ತದೆ. ತಡವಾದ ಕುಲಾವಿ ಎಷ್ಟೇ ಚೆನ್ನಾಗಿದ್ದರೂ ಆ ಮಗುವಿಗೆ ಉಪಯೋಗಕ್ಕಿಲ್ಲ. ಹೆರಿಗೆಯ ದಿನ ಹತ್ತಿರವಿದ್ದರೆ ಒಂದು ಅಳತೆ ದೊಡ್ಡದನ್ನೇ ಹೆಣೆಯುವುದು ಜಾಣತನ. ಮಗುವಿನ ಉಡುಪಿಗೆ ಉದ್ದನೆಯ ದಾರ, ಸಡಿಲ ಗುಂಡಿ ಬೇಡ.

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಒಂದೇ ಉಂಡೆ, ಒಂದೇ ಕಡ್ಡಿಯಿಂದ ತಾಯಿ 30 ಕುಣಿಕೆಯ 30 ಸಾಲು ಹೆಣೆಯಲಿ. ಮಗನೋ ಮಗಳೋ ಇನ್ನೊಂದು ತುಂಡು ಹೆಣೆಯಲಿ. ಹಿಗ್ಗಿಸದೆ ಮೇಜಿನ ಮೇಲೆ ಹಾಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ. ಅದೇ ಕೈಗಳಿಂದ 64 ಕುಣಿಕೆಯ ಕುಲಾವಿ ಎಷ್ಟೆಷ್ಟು ಸುತ್ತಳತೆಗೆ ಬರುತ್ತದೆ? ಲೆಕ್ಕ ಹಾಕಿ.

ಆಮೇಲೆ ಪ್ರತಿಯೊಂದು ಹೆಣಿಗೆಗೂ ಬೇರೆ ಚೀಲ ಮಾಡಿ, ಒಳಗೊಂದು ಕಾರ್ಡ್ ಇಡಿ. ಕಡ್ಡಿಯ ದಪ್ಪ, ಕುಣಿಕೆಗಳ ಸಂಖ್ಯೆ, ನಿಲ್ಲಿಸಿದ ಸಾಲು, ಮುಂದೆ ಮಾಡಬೇಕಾದದ್ದು – ನಾಲ್ಕೇ ಸಾಲು ಸಾಕು. ಪ್ರಯೋಗಾಲಯದ ದಾಖಲೆ ಪುಸ್ತಕದ ಕೆಲಸವೂ ಇದೇ ತಾನೆ? ಮಕ್ಕಳು ಕೈಯಲ್ಲಿದ್ದುದನ್ನು ಬಿಟ್ಟು ಇನ್ನೊಂದಕ್ಕೆ ಎದ್ದಾಗ ತಂದೆ ತಾಯಿ ‘ಮುಗಿಯಿತೆ?’ ಎಂದು ಕೇಳುವ ಬದಲು ‘ಎಲ್ಲಿಗೆ ನಿಲ್ಲಿಸಿದೆ, ಬರೆದಿಟ್ಟೆಯಾ?’ ಎಂದು ಕೇಳಿ ನೋಡಲಿ.