ಸೈಕ್ಲಿಸ್ಟ್ ಅಂದರೆ ಯಾರು?

ಭಾನುವಾರ ಬೆಳಗ್ಗೆ ಸಾಬರಮತಿ ದಂಡೆಯಲ್ಲಿ ಹೆಲ್ಮೆಟ್ ತೊಟ್ಟು ಗೇರ್ ಸೈಕಲ್ ಓಡಿಸುವವರನ್ನು ‘ಸೈಕ್ಲಿಸ್ಟ್’ ಅನ್ನುತ್ತೇವೆ. ಅಹಮದಾಬಾದಿನ ವಟವಾ, ವಡೋದರಾದ ಮಕರಪುರಾ, ಸೂರತ್ತಿನ ಪಾಂಡೇಸರಾ ಕಾರ್ಖಾನೆಗಳಿಗೆ ದಿನವೂ ಬುತ್ತಿ ಕಟ್ಟಿಕೊಂಡು ಸೈಕಲ್ ತುಳಿಯುವವರಿಗೆ ಆ ಹೆಸರಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಬೇಸಾಯ, ಗೃಹ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನಲ್ಲೇ.

ಅಹಮದಾಬಾದಿನಲ್ಲಿ 2009ರಲ್ಲಿ ಶುರುವಾದ ಜನಮಾರ್ಗ ಬಸ್ಸಿನ ಜೊತೆಗೆ ಕೆಲವೆಡೆ ಸೈಕಲ್ ಪಥವನ್ನೂ ಹಾಕಿದರು. ಎಷ್ಟೋ ಕಡೆ ಅದರ ಮೇಲೆ ಬೈಕು, ಕಾರು ಬಂದು ನಿಂತವು.

ಸೈಕಲ್ಲನ್ನು ಹವ್ಯಾಸ ಅಂದುಕೊಂಡರೆ ಭಾನುವಾರ ಎರಡು ಗಂಟೆ ರಸ್ತೆ ಬಿಟ್ಟುಕೊಟ್ಟರೆ ಸಾಕು. ಸಂಚಾರವೆಂದು ಒಪ್ಪಿದರೆ, ರಾತ್ರಿ ಪಾಳಿ ಮುಗಿಸಿ ಬರುವವನಿಗೂ ದೀಪವಿರುವ ದಾರಿ ಕೊಡಬೇಕು. ಹೆಸರು ಮೊದಲು ಅವನಿಗೆ ಸಲ್ಲಲಿ.