ವೆನಿಲ್ಲಾ ಬಂದಿತ್ತು, ಅದರ ಊರು ಬರಲಿಲ್ಲ

ಹೋದ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಫೋನುಗಳಿಗೆ ನರ್ಸರಿಯೊಂದರ ಸಂದೇಶ ಬಂತು. ಡ್ರ್ಯಾಗನ್ ಫ್ರೂಟ್ ಮತ್ತು ಬೆಣ್ಣೆಹಣ್ಣಿನ ಗಿಡಗಳು ಸಿಗುತ್ತವೆ, ಎಕರೆಗೆ ಲಕ್ಷಗಟ್ಟಲೆ ಆದಾಯ ಖಚಿತ, ಎಲೆಚುಕ್ಕಿ ರೋಗದಿಂದ ಬೇಸತ್ತ ಅಡಿಕೆ ಬೆಳೆಗಾರರಿಗೆ ಇದೊಂದೇ ದಾರಿ ಎಂದು ಬರೆದಿತ್ತು. ಅದರ ಬೆನ್ನಿಗೇ ಡೆಸ್ಕಿನಿಂದ ಕರೆ. ‘ನಿಮ್ಮ ಕಡೆ ಯಾರಾದ್ರೂ ಹಾಕಿದಾರಾ? ಒಂದು ಯಶೋಗಾಥೆ ಮಾಡಿ ಕಳಿಸಿ. ಎಷ್ಟು ಸಂಪಾದನೆ ಅನ್ನೋದು ಹೆಡ್ಡಿಂಗಲ್ಲೇ ಇರಲಿ.’

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೈಕಿನ ಮೇಲೆ ಸುದ್ದಿ ಹುಡುಕುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇದು ಗೊತ್ತಿರುವ ಕೆಲಸ. ಡಿಪ್ಲೊಮಾ ಮುಗಿಸಿ ಬಂದ ಮೇಲೆ ಇಂಥ ಯಶೋಗಾಥೆಗಳನ್ನು ನಾವು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಬರೆದ ಮೂರು ವರ್ಷದ ನಂತರ ಅದೇ ತೋಟಕ್ಕೆ ಮತ್ತೊಮ್ಮೆ ಹೋಗಿ ನೋಡಿದ್ದು ಮಾತ್ರ ಬೆರಳೆಣಿಕೆಯಷ್ಟು ಸಲ. ಈ ಸಲ ಗಿಡ ಹಾಕಿದವರನ್ನು ಹುಡುಕುತ್ತ ಚಂದಗುಳಿಯ ಕಡೆ ಹೋದಾಗ, ಒಂದು ತೋಟದ ಅಂಚಿನಲ್ಲಿ ಹಳೆಯ ಗೊಬ್ಬರದ ಗಿಡಕ್ಕೆ ದಪ್ಪ ಎಲೆಯ ಬಳ್ಳಿಯೊಂದು ಸುತ್ತಿಕೊಂಡಿದ್ದು ಕಂಡಿತು. ವೆನಿಲ್ಲಾ. ತೋಟದ ಯಜಮಾನರಿಗೆ ಎಂಬತ್ತು ದಾಟಿದೆ. ‘ಇದನ್ನು ಇನ್ನೂ ಇಟ್ಟುಕೊಂಡಿದ್ದೀರಲ್ಲ’ ಎಂದು ಕೇಳಿದೆವು. ಅವರು ನಕ್ಕು ಹೇಳಿದ ಮಾತು ನಮ್ಮನ್ನು ಯಶೋಗಾಥೆ ಬಿಟ್ಟು ಇದನ್ನು ಬರೆಯಲು ಕೂರಿಸಿದೆ. ‘ತಮಾ, ಎರಡು ಕ್ವಿಂಟಾಲ್ ಕೋಡು ಕೊಟ್ಟಿದ್ದೆ. ಅದ್ರ ರುಚಿ ಎಂಥದು ಹೇಳಿ ಯಂಗೆ ಇವತ್ತಿಗೂ ಗೊತ್ತಿಲ್ಲೆ.’

ಆ ದಿನಗಳು ನಮಗೆ ಚೆನ್ನಾಗಿ ನೆನಪಿವೆ. 2003-04ರ ಸುಮಾರಿಗೆ ನಾವು ಶಾಲೆಯಲ್ಲಿದ್ದೆವು. ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಹೂವಿನೊಳಗಿನ ಸಣ್ಣ ಪೊರೆಯನ್ನು ಕಡ್ಡಿಯಿಂದಲೋ ನಿಂಬೆಮುಳ್ಳಿನಿಂದಲೋ ಎತ್ತಿ, ಹೆಬ್ಬೆರಳಿನಿಂದ ಒತ್ತಬೇಕು. ಶಾಲೆಯ ಬಸ್ಸು ಬರುವ ಮೊದಲು ನೂರು ಹೂವು ಮುಟ್ಟಿಸಿ ಓಡುತ್ತಿದ್ದೆವು. ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಬಳ್ಳಿಯನ್ನು ಅಳತೆ ಮಾಡಿ ಮಾರುತ್ತಿದ್ದರು. ಕಳ್ಳರ ಭಯಕ್ಕೆ ದೊಡ್ಡವರು ರಾತ್ರಿ ತೋಟದಲ್ಲೇ ಮಲಗುತ್ತಿದ್ದರು. ಬೆಳೆ ಸುಖವಾಗಿ ಕೈಗೆ ಬಂದರೆ ಚಂದಗುಳಿಯ ಘಂಟೆ ಗಣಪತಿಗೆ ಘಂಟೆ ಕಟ್ಟುತ್ತೇವೆಂದು ಹರಕೆ ಹೊತ್ತವರೂ ಇದ್ದರು.

ಆ ದರ ಎಲ್ಲಿಂದ ಬಂತು ಎಂದು ಆಗ ಯಾರೂ ನಮಗೆ ಹೇಳಲಿಲ್ಲ. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರ್ ದ್ವೀಪದ ವೆನಿಲ್ಲಾ ತೋಟಗಳನ್ನು ಬುಡಮೇಲು ಮಾಡಿತ್ತು. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಅಂದರೆ ಇನ್ನೊಬ್ಬರ ನಷ್ಟದಿಂದ ಹುಟ್ಟಿದ ದರ ಅದು. ಅವರ ಬಳ್ಳಿ ಮತ್ತೆ ಚಿಗುರಿ ಕೋಡು ಬಿಡುವವರೆಗೆ ಮಾತ್ರ ಅದಕ್ಕೆ ಆಯುಸ್ಸು. ಬಳ್ಳಿ ನೆಟ್ಟ ಮೂರನೇ ವರ್ಷಕ್ಕೆ ಹೂವು, ಹೂವಾದ ಎಂಟೊಂಬತ್ತು ತಿಂಗಳಿಗೆ ಕೋಡು. ಇಷ್ಟು ಗೊತ್ತಿದ್ದರೆ ದರ ಯಾವಾಗ ಬೀಳುತ್ತದೆಂದು ಶಾಲೆಯ ಹುಡುಗರೂ ಬೆರಳು ಮಡಿಸಿ ಹೇಳಬಹುದಿತ್ತು. 2005ರ ಹೊತ್ತಿಗೆ ದರ ಬಿತ್ತು. ಸಾವಿರದ ಲೆಕ್ಕ ಹೋಗಿ ನೂರರ ಲೆಕ್ಕ ಬಂತು. ಆಮೇಲೆ ಕೊಳ್ಳುವವರೇ ಇಲ್ಲವಾದರು. ಸಾಲ ಮಾಡಿ ಬಳ್ಳಿ ಕೊಂಡವರು ಅದನ್ನು ಕಿತ್ತು ಬದಿಗೆ ಎಸೆದರು.

ವೆನಿಲ್ಲಾದ ತವರು ಮಡಗಾಸ್ಕರ್ ಕೂಡ ಅಲ್ಲ, ಮೆಕ್ಸಿಕೊ. ಅದರ ಪೂರ್ವ ಕರಾವಳಿಯ ವೆರಾಕ್ರೂಸ್ ರಾಜ್ಯದಲ್ಲಿ ಪಾಪಾಂತ್ಲಾ ಎಂಬ ಊರಿದೆ. ಅಲ್ಲಿಯ ತೊತೊನಾಕ್ ಜನ ಶತಮಾನಗಳಿಂದ ವೆನಿಲ್ಲಾ ಬೆಳೆದವರು. ನಕ್ಷೆ ತೆಗೆದು ನೋಡಿದರೆ ಆ ನಾಡು ನಮಗೆ ಅಪರಿಚಿತ ಅನಿಸುವುದಿಲ್ಲ. ಒಂದು ಕಡೆ ಉದ್ದಕ್ಕೆ ಸಮುದ್ರ, ಇನ್ನೊಂದು ಕಡೆ ಪೂರ್ವ ಸಿಯೆರಾ ಮಾದ್ರೆ ಎಂಬ ಬೆಟ್ಟಸಾಲು, ನಡುವೆ ಕಾಡು ಮತ್ತು ತೋಟ. ನಮ್ಮಲ್ಲಿ ಘಟ್ಟದ ಮೇಲೆ, ಘಟ್ಟದ ಕೆಳಗೆ ಎನ್ನುವ ಹಾಗೆ ಅಲ್ಲೂ ಎತ್ತರಕ್ಕೆ ತಕ್ಕಂತೆ ಬೆಳೆ ಬದಲಾಗುತ್ತದೆ. ಬೆಟ್ಟದ ಇಳಿಜಾರಿನ ಕೊಆತೆಪೆಕ್ ಕಡೆ ಕಾಫಿ, ಕೆಳಗೆ ಕಿತ್ತಳೆ, ಕಬ್ಬು, ದನದ ಹುಲ್ಲುಗಾವಲು, ನೆಲದೊಳಗೆ ತೈಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪಾಪಾಂತ್ಲಾದಲ್ಲಿ ಮಳೆಗಾಲ ಮುಗಿದ ಮೇಲೂ ಅಷ್ಟಿಷ್ಟು ಮಳೆ ಬೀಳುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದು ಉಳಿದ ಎಂಟು ತಿಂಗಳು ಒಣಗುತ್ತದೆ. ಆಷಾಢದಲ್ಲಿ ನಮ್ಮ ಬಳ್ಳಿಗಳ ಬೇರು, ಕಾಂಡ ಏಕೆ ಕೊಳೆಯುತ್ತಿದ್ದವು ಎನ್ನುವುದಕ್ಕೆ ಉತ್ತರ ಇಲ್ಲಿಯೇ ಇತ್ತು.

ಜನರ ವಿಷಯದಲ್ಲೂ ಹಾಗೆಯೇ. ವೆರಾಕ್ರೂಸ್ ಎಂದರೆ ಸ್ಪ್ಯಾನಿಷ್ ಮಾತಾಡುವವರ ಸೀಮೆ ಎಂದುಬಿಟ್ಟರೆ ಅರ್ಧ ಮಾತು ಅಷ್ಟೇ. 1519ರಲ್ಲಿ ಕೊರ್ತೆಸ್ ಬಂದಿಳಿದ ಕರಾವಳಿ ಅದು. ಆದರೆ ಅಲ್ಲಿ ತೊತೊನಾಕ್, ನಾವಾತ್ಲ್, ವಾಸ್ತೆಕ್ ನುಡಿಗಳು ಇವತ್ತಿಗೂ ಬದುಕಿವೆ. 2003ರ ಕಾನೂನು ಇಂಥ ನುಡಿಗಳನ್ನು ಮೆಕ್ಸಿಕೊದ ರಾಷ್ಟ್ರೀಯ ಭಾಷೆಗಳೆಂದು ಒಪ್ಪಿಕೊಂಡಿತು. ಗುಲಾಮರಾಗಿ ಬಂದ ಆಫ್ರಿಕನ್ನರಲ್ಲಿ ಯಾಂಗಾ ಎಂಬಾತನ ಹಿಂದೆ ಹೋದವರು ಬೆಟ್ಟ ಸೇರಿ, 1609ರಲ್ಲಿ ಸ್ಪೇನಿನ ಪಡೆಯನ್ನು ಎದುರಿಸಿ, ಕೊನೆಗೆ ತಮ್ಮದೇ ಊರು ಕಟ್ಟಿಕೊಂಡರು. ಆ ಊರಿಗೆ ಈಗ ಅವನದೇ ಹೆಸರು. ಯಲ್ಲಾಪುರದ ಕಾಡಿನಂಚಿನ ಸಿದ್ದಿಗಳನ್ನು ಬಲ್ಲ ನಮಗೆ ಈ ಕಥೆ ದೂರದ್ದಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆಫ್ರಿಕನ್ ಮೂಲದ ಮೆಕ್ಸಿಕನ್ನರನ್ನು ಅಲ್ಲಿಯ ಸಂವಿಧಾನ ಗುರುತಿಸಿದ್ದು 2019ರಲ್ಲಿ. ಹವ್ಯಕರು, ಸಿದ್ದಿಗಳು, ಕುಣಬಿಗಳು, ಗೌಳಿಗಳು, ಕರೇಒಕ್ಕಲಿಗರು, ನಾಮಧಾರಿಗಳು ಎಲ್ಲರೂ ಇರುವ ನಮ್ಮ ಸೀಮೆಯನ್ನು ಒಂದು ಬೆಳೆಯ ದರದಿಂದ ಅಳೆಯುವುದು ಎಷ್ಟು ತಪ್ಪೋ, ಆ ಸೀಮೆಯನ್ನು ಹಾಗೆ ಅಳೆಯುವುದೂ ಅಷ್ಟೇ ತಪ್ಪು.

ವೆನಿಲ್ಲಾದ ಏಳುಬೀಳನ್ನು ಪಾಪಾಂತ್ಲಾ ನಮಗಿಂತ ಬಹಳ ಮೊದಲೇ ಕಂಡಿದೆ. ಬಳ್ಳಿಯನ್ನು ಬೇರೆ ದೇಶಗಳಿಗೆ ಒಯ್ದರೂ ಅಲ್ಲಿ ಕೋಡು ಕಟ್ಟುತ್ತಿರಲಿಲ್ಲ. ಅದರ ಹೂವನ್ನು ಬಲ್ಲ ಜೇನುನೊಣಗಳು ತವರಿನ ಕಾಡಿನಲ್ಲೇ ಉಳಿದಿದ್ದವು. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಸುಲಭದ ಉಪಾಯ ಕಂಡುಹಿಡಿದ. ನಾವು ಶಾಲೆಗೆ ಹೋಗುವ ಮುನ್ನ ಮಾಡುತ್ತಿದ್ದುದು ಅವನದೇ ಉಪಾಯ, ಹೆಚ್ಚುಕಡಿಮೆ ಅವನದೇ ವಯಸ್ಸಿನಲ್ಲಿ. ಆದರೆ ಅವನ ಹೆಸರು ನಮಗೆ ಗೊತ್ತಿರಲಿಲ್ಲ. ಆ ಉಪಾಯದಿಂದ ದ್ವೀಪಗಳ ತೋಟಗಾರರು ಶ್ರೀಮಂತರಾದರು. ಆಲ್ಬಿಯಸ್ 1880ರಲ್ಲಿ ಬಡತನದಲ್ಲೇ ತೀರಿಕೊಂಡ. ಆ ಶತಮಾನ ಮುಗಿಯುವುದರೊಳಗೆ ದ್ವೀಪಗಳ ವೆನಿಲ್ಲಾ ಮೆಕ್ಸಿಕೊವನ್ನು ಹಿಂದಿಕ್ಕಿತು. 1870ರ ದಶಕದಲ್ಲಿ ಕೃತಕ ವೆನಿಲಿನ್ ಕೂಡ ತಯಾರಾಯಿತು. ಇವತ್ತು ನಾವು ತಿನ್ನುವ ಹೆಚ್ಚಿನ ಐಸ್‌ಕ್ರೀಮಿನಲ್ಲಿರುವುದು ಅದೇ.

ಇಷ್ಟಾದರೂ ಪಾಪಾಂತ್ಲಾ ಬಳ್ಳಿಯನ್ನು ಕಿತ್ತೆಸೆಯಲಿಲ್ಲ. ಕಡಿಮೆ ಮಾಡಿತು, ಕಿತ್ತಳೆ ಹಾಕಿತು, ಹತ್ತಿರದ ಪೋಸಾ ರೀಕಾದ ತೈಲಬಾವಿಗಳಿಗೆ ಕೆಲಸಕ್ಕೆ ಹೋಯಿತು. ಆದರೆ ವೆನಿಲ್ಲಾ ಅಲ್ಲಿಯ ಹಬ್ಬದಲ್ಲಿದೆ, ಪೇಟೆಯಲ್ಲಿದೆ. ಒಣಗಿದ ಕೋಡುಗಳನ್ನು ನೇಯ್ದು ಹೂವು, ಗೊಂಬೆ ಮಾಡುವ ಕುಶಲಕರ್ಮಿಗಳಿದ್ದಾರೆ. ಎತ್ತರದ ಕಂಬದಿಂದ ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುವ ವೊಲಾದೋರೆಸ್ ಆಚರಣೆಯನ್ನು ಯುನೆಸ್ಕೊ 2009ರಲ್ಲಿ ಪಟ್ಟಿಗೆ ಸೇರಿಸಿತು. ಅದೇ ವರ್ಷ ಪಾಪಾಂತ್ಲಾದ ವೆನಿಲ್ಲಾಕ್ಕೆ ಊರಿನ ಹೆಸರಿನ ರಕ್ಷಣೆಯೂ ಸಿಕ್ಕಿತು. ದರ ಬಿದ್ದ ವರ್ಷವೂ ಆ ಊರಿನವರಿಗೆ ವೆನಿಲ್ಲಾ ಏನೆಂದು ಗೊತ್ತಿರುತ್ತದೆ. ನಮ್ಮಲ್ಲಿ ದರ ಬಿದ್ದ ದಿನವೇ ವೆನಿಲ್ಲಾ ಸತ್ತಿತು. ದರ ಬಿಟ್ಟರೆ ಅದರ ಬಗ್ಗೆ ನಮಗೆ ಬೇರೇನೂ ಗೊತ್ತಿರಲಿಲ್ಲ.

ಆ ಕಡೆಯ ಗಿಡಗಳೆಲ್ಲ ನಮ್ಮಲ್ಲಿ ಸೋತಿವೆ ಎಂದು ನಾವು ಹೇಳುತ್ತಿಲ್ಲ. ಗೆದ್ದವೇ ಹೆಚ್ಚು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದಿದ್ದು. ನಮ್ಮ ಕಾಳುಮೆಣಸಿನಂಥ ಸಂಬಾರ ಹುಡುಕಿ ಹೊರಟ ಕೊಲಂಬಸನ ಕಡೆಯವರು ಅಲ್ಲಿ ಈ ಖಾರದ ಕಾಯಿ ಕಂಡು ಮೆಣಸಿನ ಹೆಸರನ್ನೇ ಕೊಟ್ಟರು. ಸ್ಪ್ಯಾನಿಷಿನಲ್ಲಿ ಕಾಳುಮೆಣಸು ಪಿಮಿಯೆಂತಾ, ಈ ಕಾಯಿ ಪಿಮಿಯೆಂತೊ. ಕನ್ನಡವೂ ಅದನ್ನೇ ಮಾಡಿತು, ಮೆಣಸಿನಿಂದ ಮೆಣಸಿನಕಾಯಿ. ಚಿಕ್ಕು, ಸಪೋಟ ಎರಡೂ ಮೆಕ್ಸಿಕೊದ ನಾವಾತ್ಲ್ ನುಡಿಯಿಂದ ಸ್ಪ್ಯಾನಿಷಿನ ಮೂಲಕ ಬಂದ ಹೆಸರುಗಳು. ಪಪ್ಪಾಯಿ, ಪೇರಲೆ, ಗೋಡಂಬಿ, ಟೊಮೆಟೊ ಎಲ್ಲವೂ ಆ ಖಂಡದವು. ವೆನಿಲ್ಲಾ ಬಳ್ಳಿಗೆ ಆಸರೆ ಕೊಟ್ಟ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ಕೂಡ ಬಳ್ಳಿಯ ತವರಿನ ಕಡೆಯದೇ. ಬಳ್ಳಿ ಹೋಯಿತು, ಆಸರೆ ಉಳಿಯಿತು. ಅದರ ಸೊಪ್ಪು ತೋಟಕ್ಕೆ ಬೇಕಲ್ಲ.

ಉಳಿದವೆಲ್ಲ ನಮ್ಮ ಅಡುಗೆಮನೆಗೋ ಸೊಪ್ಪಿನ ಹೊರೆಗೋ ಸೇರಿದಂಥವು. ಮೆಣಸಿನಕಾಯಿ ಇಲ್ಲದೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲ. 2020ರ ಲಾಕ್‌ಡೌನಿನಲ್ಲಿ ಲಾರಿ ನಿಂತು ಬನವಾಸಿ ಕಡೆಯ ಅನಾನಸು ಹೊಲದಲ್ಲೇ ಕೊಳೆಯತೊಡಗಿದಾಗ, ಒಂದಿಷ್ಟು ಹಣ್ಣನ್ನಾದರೂ ಊರೂರಿಗೆ ಗಾಡಿಯಲ್ಲಿ ತಂದು ಮಾರಲು ಆಯಿತು. ತಿನ್ನುವವರು ಇಲ್ಲೇ ಇದ್ದರು. ಹಸಿ ವೆನಿಲ್ಲಾ ಕೋಡನ್ನು ಗಾಡಿಯಲ್ಲಿಟ್ಟುಕೊಂಡು ಯಾವ ಊರಿಗೆ ಹೋಗುವುದು? ಅದಕ್ಕೆ ವಾಸನೆ ಬರಬೇಕೆಂದರೆ ತಿಂಗಳುಗಟ್ಟಲೆ ಸಂಸ್ಕರಣೆ ಬೇಕು.

‘ಹಾಗಾದರೆ ಅಡಿಕೆ? ಅದರ ಹೆಚ್ಚಿನ ಪಾಲು ಉತ್ತರ ಭಾರತಕ್ಕೇ ಹೋಗುತ್ತದಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಡಿಕೆ ನಮ್ಮ ಪ್ರತಿ ಶುಭಕಾರ್ಯದಲ್ಲಿದೆ. ಅದರ ಹಿಂದೆ 1923ರಿಂದ ಶಿರಸಿಯಲ್ಲಿರುವ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ಸಂಸ್ಥೆಗಳಿವೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಕೊಳೆರೋಗ, ಎಲೆಚುಕ್ಕಿ, ಆಮದಿನ ಭಯ ಎಲ್ಲದರ ನಡುವೆಯೂ ಅಡಿಕೆ ನಿಂತಿರುವುದು ಈ ಎರಡು ಹಗ್ಗಗಳ ಮೇಲೆ. ಒಂದು ಬಳಕೆ, ಇನ್ನೊಂದು ಸಂಸ್ಥೆ. ವೆನಿಲ್ಲಾಕ್ಕೆ ಮೊದಲ ಹಗ್ಗ ಇರಲೇ ಇಲ್ಲ, ಎರಡನೆಯದು ಗಟ್ಟಿಯಾಗುವಷ್ಟರಲ್ಲಿ ದರ ಹೋಗಿತ್ತು.

ಈಗ ಬರುತ್ತಿರುವ ಡ್ರ್ಯಾಗನ್ ಫ್ರೂಟೂ ಬೆಣ್ಣೆಹಣ್ಣೂ ಮೆಕ್ಸಿಕೊ ಮತ್ತು ಅದರ ಅಕ್ಕಪಕ್ಕದ ನಾಡುಗಳವೇ. ಅವನ್ನು ಹಾಕಬೇಡಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಎಲೆ ಒಣಗಿದ ಅಡಿಕೆ ತೋಟದಲ್ಲಿ ನಿಂತವನಿಗೆ ಹೊಸ ದಾರಿ ಬೇಕೇ ಬೇಕು. ನಮ್ಮ ಮಾತು ಬರೆಯುವ ನಮಗೇ. ಹೊಸ ಬೆಳೆಯ ಸುದ್ದಿ ಮಾಡುವ ಮುನ್ನ ಇಷ್ಟಾದರೂ ವಿಚಾರಿಸೋಣ. ಅದರ ತವರಿನ ಮಳೆ ಎಷ್ಟು, ಯಾವ ತಿಂಗಳು? ಅಲ್ಲಿ ಅದನ್ನು ಯಾರು, ಯಾವ ಕೂಲಿಗೆ ಬೆಳೆಯುತ್ತಾರೆ? ಇವತ್ತಿನ ದರ ಯಾಕೆ ಇಷ್ಟಿದೆ, ಅದು ಯಾರ ನಷ್ಟದಿಂದ ಬಂದಿದ್ದು? ಕೊಳ್ಳುವವನು ಬರದಿದ್ದರೆ ಅದನ್ನು ನಮ್ಮ ಸಂತೆಯಲ್ಲಿ ಮಾರಬಹುದೇ? ಗಿಡ ಮಾರಿದವನಿಗೆ ಆದ ಲಾಭ ಎಷ್ಟು, ಹಣ್ಣು ಮಾರಿದವನಿಗೆ ಎಷ್ಟು? ತೋಟದ ಯಜಮಾನರ ಜೊತೆಗೆ ಅಲ್ಲಿ ಕೂಲಿಗೆ ಬರುವ ಹೆಂಗಸರನ್ನೂ ಮಾತಾಡಿಸೋಣ. ವೆನಿಲ್ಲಾ ಹೂವು ಮುಟ್ಟಿಸಿದ ಕೈಗಳಲ್ಲಿ ಅವರ ಕೈಯೂ ಇತ್ತು. ಆಗಿನ ಸುದ್ದಿಗಳಲ್ಲಿ ಅವರು ಎಲ್ಲೂ ಇರಲಿಲ್ಲ.

ಡೆಸ್ಕಿಗೆ ನಾವು ಇನ್ನೂ ಯಶೋಗಾಥೆ ಕಳಿಸಿಲ್ಲ. ಗಿಡ ಹಾಕಿದ ಇಬ್ಬರು ಸಿಕ್ಕಿದ್ದಾರೆ. ಮೂರು ವರ್ಷ ಬಿಟ್ಟು ಬರೆಯುತ್ತೇವೆ ಎಂದು ಅವರಿಗೆ ಹೇಳಿ ಬಂದಿದ್ದೇವೆ. ಚಂದಗುಳಿಯ ಆ ಅಜ್ಜ ಈ ವರ್ಷ ಬಿಟ್ಟ ಐದಾರು ಕೋಡು ಕೊಯ್ದು ಕೊಟ್ಟಿದ್ದಾರೆ. ಸಂಸ್ಕರಿಸಲು ಬಲ್ಲ ಗೆಳೆಯನೊಬ್ಬನ ಮನೆಯಲ್ಲಿ ಅವು ಹೊದಿಕೆಯೊಳಗೆ ಬೆವರುತ್ತಿವೆ. ಕಪ್ಪಾಗಿ ವಾಸನೆ ಬಂದ ಮೇಲೆ ಒಂದನ್ನು ಅವರ ಮನೆಗೇ ಒಯ್ದು ಹಾಲಿಗೆ ಹಾಕಿ ಪಾಯಸ ಮಾಡಿಸುವುದೆಂದು ಮಾತಾಗಿದೆ. ಎರಡು ಕ್ವಿಂಟಾಲ್ ಬೆಳೆದವರು ಒಂದು ಲೋಟವಾದರೂ ರುಚಿ ನೋಡಲಿ.