ಕುಕ್ಕರ್ ಯಾರಿಗೆ ಸಲ್ಲಬೇಕಿತ್ತು?

ಪೇಟೆ ಬೀದಿಯ ಗಣಪತಿ ನೀರಿಗೆ ಹೋಗಿ ಹದಿನೈದು ದಿನ ಆಯಿತು. ಪೆಂಡಾಲಿಗೆ ತೋಡಿದ ಗುಂಡಿಗಳು ಇನ್ನೂ ಬಾಯಿ ಬಿಟ್ಟುಕೊಂಡೇ ಇವೆ. ಆ ವಿಚಾರ ಇನ್ನೊಂದು ದಿನ ಬರೆಯೋಣ. ಇವತ್ತಿನದು ಒಂದು ಪ್ರೆಶರ್ ಕುಕ್ಕರಿನ ತಕರಾರು.

ಈ ಸಲ ಸಮಿತಿಯವರು ಆರ್ಕೆಸ್ಟ್ರಾ ಕೈಬಿಟ್ಟು ಚದುರಂಗದ ಒಗಟಿನ ಸ್ಪರ್ಧೆ ಇಟ್ಟಿದ್ದರು. ಒಳ್ಳೆ ಕೆಲಸವೇ. 2024ರ ಡಿಸೆಂಬರಿನಲ್ಲಿ ಹದಿನೆಂಟರ ಹುಡುಗ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಊರಲ್ಲೂ ಮಹಡಿ ಮಹಡಿಗೆ ಚೆಸ್ ಕ್ಲಾಸಿನ ಬೋರ್ಡು ಎದ್ದಿದೆ. ಆ ಗಾಳಿಗೆ ಸಮಿತಿಯೂ ತೂರಿಕೊಂಡಿತು. ಪೆಂಡಾಲಿನ ಪಕ್ಕ ಕರಿಹಲಗೆ, ಅದರ ಮೇಲೆ ದಿನಕ್ಕೊಂದು ಒಗಟು. ಕೊನೇ ದಿನದ್ದು ದೊಡ್ಡದು: ಬಿಳಿಯ ಆಟ, ಐದು ನಡೆಯಲ್ಲಿ ಚೆಕ್‌ಮೇಟ್. ಮೊದಲ ಸರಿ ಉತ್ತರಕ್ಕೆ ಐದು ಲೀಟರಿನ ಕುಕ್ಕರ್.

ಕುಕ್ಕರ್ ಹೊತ್ತುಕೊಂಡು ಹೋದ ಯುವಕನ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಮಂತ್ರಿ ಸಿ4, ಚೆಕ್'. ಅಷ್ಟೇ ಸ್ವಾಮಿ. ಮುಕ್ಕಾಲು ಗಂಟೆ ತಡವಾಗಿ ಹೂವಿನ ಅಂಗಡಿಯವರ ಮಗಳು, ಹತ್ತನೇ ಕ್ಲಾಸಿನ ಹುಡುಗಿ, ನೋಟ್‌ಬುಕ್ಕಿನ ಹಾಳೆಯ ಎರಡೂ ಮಗ್ಗುಲು ತುಂಬಿಸಿ ಡಬ್ಬಿಗೆ ಹಾಕಿದಳು. ಅವಳಿಗೆ ಸಮಾಧಾನಕರ ಬಹುಮಾನ, ಒಂದು ಸೋಪಿನ ಡಬ್ಬಿ.

ವಿಚಾರಿಸಿದ್ದಕ್ಕೆ ಸಮಿತಿಯ ಹಿರಿಯರೊಬ್ಬರು ಅಂದದ್ದು: "ಮೊದಲನೇ ನಡೆ ಸರಿ ಇದ್ರೆ ಸಾಕಲ್ರೀ, ಉಳಿದದ್ದು ತಾನಾಗೇ ಬರುತ್ತೆ."

ಬರುತ್ತಾ? ಮನೆಯಲ್ಲಿ ಬೋರ್ಡು ಇದ್ದವರು ಜೋಡಿಸಿಕೊಳ್ಳಿ. ಕರಿಯ ರಾಜ ಜಿ8, ಆನೆ ಡಿ8, ಮಂತ್ರಿ ಬಿ2, ಕಾಲಾಳು ಜಿ7 ಮತ್ತು ಎಚ್7. ಬಿಳಿಯ ರಾಜ ಜಿ1, ಮಂತ್ರಿ ಎಚ್4, ಕುದುರೆ ಜಿ5, ಕಾಲಾಳು ಎಫ್2, ಜಿ2, ಎಚ್2. ಬಿಳಿಯವನಿಗೆ ಉಸಿರಾಡೋಕೂ ಪುರಸೊತ್ತಿಲ್ಲ. ಒಂದು ನಡೆ ವ್ಯರ್ಥ ಮಾಡಿದರೆ ಕರಿಯ ಆನೆ ಡಿ1ಕ್ಕೆ ಇಳಿದು ಅವನಿಗೇ ಮೇಟ್. ಹಾಗಾಗಿ ಚೆಕ್ ಕೊಡುತ್ತಲೇ ಹೋಗಬೇಕು. ಕೊಡೋಕೆ ಇರೋ ಚೆಕ್ ಎಷ್ಟು? ಎಣಿಸಿ ನೋಡಿ, ಎರಡೇ. ಮಂತ್ರಿ ಎಚ್7ರ ಕಾಲಾಳನ್ನು ಹೊಡೆಯಬಹುದು, ಇಲ್ಲಾ ಸಿ4ಕ್ಕೆ ಹೋಗಬಹುದು. ಎಚ್7 ಹೊಡೆದರೆ ರಾಜ ಎಫ್8ರ ಬಾಗಿಲಿಂದ ಹೊರಗೆ ನುಸುಳಿಬಿಡ್ತಾನೆ. ಉಳಿದದ್ದು ಸಿ4. ಎರಡರಲ್ಲಿ ಒಂದು! ಬಸ್ ಸ್ಟ್ಯಾಂಡಿನಲ್ಲಿ ರೂಪಾಯಿ ಚಿಮ್ಮಿ ಹೇಳಿದರೂ ಅರ್ಧಕ್ಕರ್ಧ ಜನ ಕುಕ್ಕರ್ ಗೆಲ್ಲುತ್ತಿದ್ದರು.

ಒಗಟು ಶುರುವಾಗೋದೇ ಅಲ್ಲಿಂದ ಮುಂದೆ. ಸಿ4ರ ಚೆಕ್ಕಿಗೆ ಕರಿಯವನ ಹತ್ತಿರ ಮೂರು ಉತ್ತರ ಇದೆ. ರಾಜ ಎಫ್8ಕ್ಕೆ ಹೋದರೆ ಮಂತ್ರಿ ಎಫ್7, ಅಲ್ಲೇ ಮೇಟ್, ಹಿಂದೆ ಕುದುರೆಯ ಕಾವಲಿದೆ. ಆನೆಯನ್ನು ಡಿ5ಕ್ಕೆ ತಂದು ಅಡ್ಡ ಇಟ್ಟರೆ ಮಂತ್ರಿ ಅದನ್ನು ಹೊಡೆದು ಮತ್ತೆ ಚೆಕ್. ಆಗ ರಾಜ ಎಫ್8ಕ್ಕೆ ಬಂದರೆ ಎಫ್7ರಲ್ಲಿ ಮೇಟ್, ಎಚ್8ಕ್ಕೆ ಹೋದರೆ ಡಿ8ರಲ್ಲಿ ಮೇಟ್. ಇವೆರಡೂ ಬೇಗ ಮುಗಿಯುವ ದಾರಿ.

ಗಟ್ಟಿ ಉತ್ತರ ಮೂರನೆಯದು, ರಾಜ ನೇರವಾಗಿ ಎಚ್8ರ ಮೂಲೆಗೆ ಸೇರೋದು. ಆಗ ಕುದುರೆ ಎಫ್7ಕ್ಕೆ ಹಾರಿ ಚೆಕ್, ರಾಜ ವಾಪಸು ಜಿ8. ಕುದುರೆ ಎಚ್6ಕ್ಕೆ ಹಾರುತ್ತೆ. ಈಗ ಕುದುರೆಯದೂ ಚೆಕ್, ಹಿಂದಿನಿಂದ ಮಂತ್ರಿಯದೂ ಚೆಕ್. ಒಟ್ಟಿಗೆ ಎರಡು ಕಡೆಯಿಂದ ಬಿದ್ದಾಗ ಹೊಡೆಯೋದು, ಅಡ್ಡ ಇಡೋದು ಯಾವುದೂ ನಡೆಯೋಲ್ಲ, ರಾಜನೇ ಏಳಬೇಕು. ಎಫ್8ಕ್ಕೆ ಎದ್ದರೆ ಮತ್ತೆ ಎಫ್7ರಲ್ಲಿ ಮೇಟ್. ಹಾಗಾಗಿ ಮತ್ತೆ ಮೂಲೆಗೇ. ಆವಾಗ ಬಿಳಿಯವನು ತನ್ನ ಮಂತ್ರಿಯನ್ನು ತಗೊಂಡು ಹೋಗಿ ಜಿ8ರಲ್ಲಿ, ರಾಜನ ಮೂಗಿನ ಕೆಳಗೆ ಇಡುತ್ತಾನೆ! ಎಚ್6ರ ಕುದುರೆ ಕಾಯುತ್ತಿರೋದರಿಂದ ರಾಜ ಮುಟ್ಟೋ ಹಾಗಿಲ್ಲ, ಆನೆಯೇ ಬಂದು ಹೊಡೆಯಬೇಕು. ಹೊಡೆದ ಆನೆ ಪಕ್ಕದ ಮನೆ ತುಂಬಿಸಿತು, ಮುಂದೆ ಎರಡು ಕಾಲಾಳು ಮೊದಲೇ ನಿಂತಿವೆ. ಕುದುರೆ ಎಫ್7ಕ್ಕೆ ಮರಳಿತು, ಚೆಕ್‌ಮೇಟ್. ಸುತ್ತ ನಿಂತು ಉಸಿರು ಕಟ್ಟಿಸಿದವರು ರಾಜನ ಮನೆಯವರೇ. (ಕಾಲಾಳನ್ನು ಕೊಟ್ಟು ಮಂತ್ರಿಯನ್ನು ಉಳಿಸಿಕೊಳ್ಳೋದು ಬೆಂಗಳೂರಿನ ಪದ್ಧತಿ. ಇಲ್ಲಿ ತಿರುಗಾಮುರುಗ.)

ಇದು ಸಮಿತಿಯವರ ಸ್ವಂತ ಸರಕೂ ಅಲ್ಲ. ಸ್ಪೇನಿನ ಸಾಲಮಾಂಕಾದಲ್ಲಿ 1497ರಲ್ಲಿ ಲುಸೆನಾ ಎಂಬಾತ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಈ ಉಸಿರುಗಟ್ಟಿಸುವ ಮೇಟ್ ಇದೆ. ಹೆಸರು ಮಾತ್ರ ಫ್ರಾನ್ಸಿನ ಫಿಲಿಡಾರನಿಗೆ ಹೋಯಿತು. ಅವನು ಹುಟ್ಟಿದ್ದು 1726ರಲ್ಲಿ! ದುಡಿದವರು ಒಬ್ಬರು, ಹಾರ ಬಿದ್ದದ್ದು ಇನ್ನೊಬ್ಬರ ಕೊರಳಿಗೆ. ಈ ಖಾಯಿಲೆ ನಮ್ಮ ಪೇಟೆ ಬೀದಿಯದು ಮಾತ್ರ ಅಂತ ತಿಳಿದಿದ್ದೆ.

1858ರಲ್ಲಿ ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಅಮೆರಿಕದ ಮಾರ್ಫಿ ಇಬ್ಬರು ಸಿರಿವಂತ ದೊರೆಗಳ ಜೋಡಿಯ ಎದುರು ಆಡುತ್ತಾ ಹದಿನಾರನೇ ನಡೆಯಲ್ಲಿ ಮಂತ್ರಿಯನ್ನು ಕೊಟ್ಟು ಹದಿನೇಳರಲ್ಲಿ ಆನೆಯಿಂದ ಮೇಟ್ ಮಾಡಿದ. ಜನ ಇವತ್ತಿಗೂ ಅದನ್ನು ಧೈರ್ಯ ಅಂತ ಹೊಗಳುತ್ತಾರೆ. ಧೈರ್ಯ ಏನು ಬಂತು? ಮಂತ್ರಿ ಚೆಕ್ ಕೊಟ್ಟಾಗ ಎದುರಿನವರಿಗೆ ಇದ್ದದ್ದು ಒಂದೇ ಉತ್ತರ, ಕುದುರೆಯಿಂದ ಹೊಡೆಯೋದು. ಅದಾದ ಮೇಲಿನದನ್ನೂ ಅವನು ಎಣಿಸಿ ಇಟ್ಟಿದ್ದ. ಸಾಲ ಕೊಡೋ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿ ಕೊಟ್ಟರೆ ಏನು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು, ಕೊಡದಿದ್ದರೆ ಏನು ಅನ್ನೋದನ್ನೂ ಹಾಕಿ ಇಟ್ಟವನ ಅಂಗಡಿ ಉಳಿಯುತ್ತೆ.

ಹುಡುಗಿ ಹಾಳೆ ತುಂಬಿಸಿದ್ದು ಆ ಲೆಕ್ಕವನ್ನೇ. ಎಫ್8ಕ್ಕೆ ಹೋದರೆ ಹೀಗೆ, ಆನೆ ಅಡ್ಡ ಬಂದರೆ ಹೀಗೆ, ಮೂಲೆಗೆ ಹೋದರೆ ಹೀಗೆ ಅಂತ ಕವಲು ಕವಲಾಗಿ ಬರೆದು, ಒಂದು ಕಡೆ ತಪ್ಪಿ, ಹೊಡೆದು ಹಾಕಿ, ಮತ್ತೆ ಬರೆದಿದ್ದಾಳೆ. ತಡ ಆಗಿದ್ದು ಅದಕ್ಕೇ.

ಸಂಜೆ ಆರೂವರೆ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಕಾಲೇಜು ಹುಡುಗ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಇಂಥ ಒಗಟು ಕುಟ್ಟುತ್ತಿರುತ್ತಾನೆ. ಒಂದು ಕಾಯಿ ಒತ್ತುತ್ತಾನೆ, ಕೆಂಪು ಬಂದರೆ ಇನ್ನೊಂದು ಒತ್ತುತ್ತಾನೆ, ಹಸಿರು ಬಂತು, ಮುಂದಕ್ಕೆ. ಎದುರಿನವನ ಉತ್ತರವನ್ನು ಮೊಬೈಲೇ ಆಡಿಬಿಡುತ್ತೆ, ಅದೂ ಒಂದೇ ಒಂದನ್ನ. ಉಳಿದ ಎರಡು ಉತ್ತರ ಇದ್ದವು ಅನ್ನೋದೇ ಇವನಿಗೆ ಗೊತ್ತಾಗೋಲ್ಲ. ನಮ್ಮ ಸ್ಟಾಪು ಬರೋ ಹೊತ್ತಿಗೆ ಇಪ್ಪತ್ತು ಒಗಟು 'ಬಿಡಿಸಿ' ಆಗಿರುತ್ತೆ. ಹುಡುಗ ಒಳ್ಳೆಯವನು, ಜಾಗ ಬಿಟ್ಟುಕೊಡುತ್ತಾನೆ, ಆ ಮಾತು ಬೇರೆ.

ಸಮಿತಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಪಂಡಿತರು ರಚಿಸುವ ಎರಡು ನಡೆಯ ಒಗಟುಗಳ ದೊಡ್ಡ ಸ್ಪರ್ಧೆಗಳಲ್ಲಿ ಮೊದಲ ನಡೆ ಬರೆದರೆ ಸಾಕು ಎಂಬ ರೂಢಿ ಉಂಟು. ಅಲ್ಲಿ ಆ ಮೊದಲ ನಡೆ ಸಾಮಾನ್ಯವಾಗಿ ಚೆಕ್ಕೇ ಆಗಿರೋಲ್ಲ. ಯಾವುದೋ ಮೂಲೆಯ ಕಾಯಿ ಸದ್ದಿಲ್ಲದೆ ಒಂದು ಮನೆ ಸರಿಯುತ್ತೆ, ಅದನ್ನು ಕಾಣೋದೇ ಕಷ್ಟ. ಆ ರೂಢಿಯನ್ನು ತಂದು ಐದು ನಡೆಯ ಚೆಕ್ಕಿನ ಸರಮಾಲೆಗೆ ಕಟ್ಟಿದರೆ ರೂಪಾಯಿ ಚಿಮ್ಮಿದವನಿಗೂ ಕುಕ್ಕರ್ ಸಿಗುತ್ತೆ.

ಕೊಟ್ಟ ಕುಕ್ಕರನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆ ಯುವಕನ ಮನೆಯಲ್ಲಿ ಅದು ಈಗಾಗಲೇ ಸೀಟಿ ಹೊಡೆದಿರಬೇಕು. ಆದರೆ ಸಮಿತಿಗೆ ಚಂದಾ ಕೊಟ್ಟ ಅಂಗಡಿಯವರು ಎರಡು ಮಾತು ಕೇಳಬಹುದು. ಮುಂದಿನ ವರ್ಷ ಕರಿಯವನ ಪ್ರತಿ ಉತ್ತರಕ್ಕೂ ನಡೆ ಬರೆದ ಚೀಟಿಗೇ ಬಹುಮಾನ ಅಂತ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ. ಎರಡನೆಯದು, ದಿನಕ್ಕೆ ಹತ್ತು ಸಲ ಗಣ್ಯರ ಹೆಸರು ಕೂಗಿದ ಅದೇ ಮೈಕಿನಲ್ಲಿ ಆ ಹುಡುಗಿಯ ಹೆಸರನ್ನೂ ಒಂದು ಸಲ ಕೂಗಿ. ಮೈಕಿನವನ ಬಾಡಿಗೆ ಬಾಕಿ ಇದೆಯಂತೆ, ಲೆಕ್ಕ ಚುಕ್ತಾ ಮಾಡೋಕೆ ಹೇಗೂ ಬರುತ್ತಾನೆ.

ಕರಿಹಲಗೆ ಇನ್ನೂ ಸೈಕಲ್ ಅಂಗಡಿಯ ಗೋಡೆಗೆ ಒರಗಿಕೊಂಡಿದೆ. ಮೊನ್ನೆಯ ಮಳೆಗೆ ಕರಿಯ ರಾಜ ಅಳಿಸಿ ಹೋಗಿದ್ದಾನೆ, ಕುದುರೆ ಮಾತ್ರ ಉಳಿದಿದೆ. ಹುಡುಗಿಯ ಹಾಳೆಯನ್ನು ಡಬ್ಬಿಯಿಂದ ತೆಗೆಸಿ ನಮ್ಮ ಕಚೇರಿಯಲ್ಲಿ ಇಟ್ಟಿದ್ದೇನೆ. ಅನುಮಾನ ಇದ್ದವರು ಬೋರ್ಡು ತಗೊಂಡು ಸಂಜೆ ಏಳರ ಮೇಲೆ ಬರಬಹುದು.